ಹಿಂದೆ ಜಾಗ ಉಂಟು

ಹದಿನೇಳು ವರ್ಷ ನಾನು ಹೇಳಿದ್ದು ಒಂದೇ ಸುಳ್ಳು,
ಸ್ಟೇಟ್ ಬ್ಯಾಂಕಿನಿಂದ ಕಾವೂರಿಗೆ, ಕಾವೂರಿಂದ ಸ್ಟೇಟ್ ಬ್ಯಾಂಕಿಗೆ:
ಹಿಂದೆ ಜಾಗ ಉಂಟು, ಹಿಂದೆ ಹೋಗಿ, ಹಿಂದೆ ಹೋಗಿ.
ಹಿಂದೆ ಮೊಣಕೈಗೂ ಜಾಗ ಇರುತ್ತಿರಲಿಲ್ಲ.
ಆದರೂ ಲೇಡಿಹಿಲ್ಲಿನಲ್ಲಿ ಕಾದಿದ್ದ ಹದಿನಾಲ್ಕು ಮಂದಿ
ಹೇಗೋ ಒಳಗೆ ಸೇರಿಕೊಳ್ಳುತ್ತಿದ್ದರು.
ಜಾಗ ಅನ್ನುವುದು ಬೈದರೆ ಹುಟ್ಟುತ್ತದೆ
ಎಂದೇ ನಂಬಿದ್ದೆ ಮಾರಾಯ್ರೆ.

ಈಗ ನಾನು ಧಣಿಯ ಬಾಸ್ಕೆಟ್‌ಬಾಲ್ ಟೀಮಿನ ಮ್ಯಾನೇಜರು.
ಧಣಿಗೆ ಬಸ್ಸು ಇಪ್ಪತ್ತೆರಡು, ಟೀಮು ಒಂದು;
ಟೀಮಿನ ಮಾತು ಬಂದರೆ ಮಾತ್ರ ಕನ್ನಡಕ ತೆಗೆದು ಒರೆಸುತ್ತಾರೆ.
ಲೀಗಿನವರು ಈ ಸಲ ಒಂದು ಗೆರೆ ಎಳೆದಿದ್ದಾರೆ:
ಸಂಬಳ ಎಲ್ಲ ಸೇರಿ ಹನ್ನೆರಡು ಲಕ್ಷ,
ಮೇಲೆ ಒಂದು ರೂಪಾಯಿ ಇಲ್ಲ.
ಈ ಗೆರೆಗೆ ಬೈದು ಪ್ರಯೋಜನ ಇಲ್ಲ.

ಕರಾರು ಮುಗಿಸಿ, ಕೈ ಬೀಸಿಕೊಂಡು ನಿಂತಿದ್ದಾನೆ
ಕೋಟ್ಟಯಂನ ಬಾಹುಲೇಯನ್.
ಆರಡಿ ಏಳಿಂಚು. ನಮ್ಮ ಬಸ್ಸಿನೊಳಗೆ ನೆಟ್ಟಗೆ ನಿಲ್ಲಲಾರ.
ಕೇಳಿದ್ದು ಐದು ಲಕ್ಷ.
ಹಳೆ ಟಿಕೆಟ್ ಪುಸ್ತಕದ ರಟ್ಟಿನ ಮೇಲೆ ಲೆಕ್ಕ ಹಾಕಿದೆ:
ಆಗಲೇ ಹೋದದ್ದು ಒಂಬತ್ತು ಇಪ್ಪತ್ತು,
ಉಳಿದದ್ದು ಎರಡು ಎಂಬತ್ತು,
ಸಾಲದೆ ಬಂದದ್ದು ಎರಡು ಇಪ್ಪತ್ತು.
ಹತ್ತಿದವರನ್ನು ಇಳಿಸಬೇಕು.

ಬೆಂಗ್ರೆಯ ಮುಸ್ತಾಕ್, ಒಂದು ಮೂವತ್ತು.
ಪೆನ್ಸಿಲು ಒಂದೇ ಸಲಕ್ಕೆ ದಾಟಿತು;
ಪ್ರಾಯ ಉಂಟು, ಎಲ್ಲಾದರೂ ಹತ್ತಿಕೊಂಡಾನು.
ಲ್ಯಾನ್ಸಿ ಪಿಂಟೊ, ತೊಂಬತ್ತು ಸಾವಿರ.
ಇಲ್ಲಿ ಪೆನ್ಸಿಲಿನ ಮೊನೆ ಮುರಿಯಿತು ಎಂದರೆ ಕಟ್ಟುಕತೆಯಾದೀತು;
ಮುರಿಯಲಿಲ್ಲ, ಚೂಪಾಗಿಯೇ ಇತ್ತು.
ಹನ್ನೊಂದು ವರ್ಷದ ಲ್ಯಾನ್ಸಿ. ಎಡಗಾಲಿನ ಗಂಟು ಹೋಗಿದೆ,
ಫ್ರೀ ಥ್ರೋ ಗೆರೆಯಲ್ಲಿ ನಿಂತರೆ ಮಾತ್ರ
ಉರ್ವದ ಕಾಗೆಗಳೂ ಸುಮ್ಮನಾಗುತ್ತವೆ.
ಸೋತ ರಾತ್ರಿ ಹೊಸ ಹುಡುಗರನ್ನು ಗೋಳಿಬಜೆಗೆ ಕರೆದೊಯ್ಯುವವನು.
ಅದಕ್ಕೆ ನನ್ನ ರಟ್ಟಿನಲ್ಲಿ ಕಾಲಂ ಇಲ್ಲ.

ಡಿಪೋಗೆ ಬರಹೇಳಿದೆ.
ಮಗಳ ಮೊದಲ ಕೊಮುನ್ಯಾಂವಿನ ಕಾಗದ ತಂದಿದ್ದ.
ಮೊದಲು ಅವನು ಅವನ ಕಾಗದ ಕೊಟ್ಟ,
ಆಮೇಲೆ ನಾನು ನನ್ನದು.
"ನಾನು ಹೋದರೆ ಎಷ್ಟು ಜಾಗ ಆಗ್ತದೆ?"
ಹೇಳಿದೆ.
"ಅಷ್ಟೆಯಾ?" ಅಂದ.

ಮೂರು ದಿನ ನಮ್ಮ ಹತ್ತಿರ ಐದು ಲಕ್ಷದ ಜಾಗ ಇತ್ತು,
ಗುಡಿಸಿ, ತೊಳೆದು, ಬಾಗಿಲು ತೆರೆದಿಟ್ಟ ಜಾಗ.
ನಾಲ್ಕನೇ ದಿನ ಬಾಹುಲೇಯನ್ ಉಡುಪಿಯವರ ಅಂಗಿ ತೊಟ್ಟ.
ಅವರು ಕೊಟ್ಟದ್ದು ನಾಲ್ಕೇ ಲಕ್ಷ;
ಜೊತೆಗೆ ತಂಗಿಗೆ ನರ್ಸಿಂಗ್ ಸೀಟು.
ಸೀಟು ಸಂಬಳ ಅಲ್ಲವಂತೆ, ಗೆರೆಯೊಳಗೆ ಬರುವುದಿಲ್ಲವಂತೆ.
ಹಿಂದಿನ ಬಾಗಿಲು ಇರುವುದು ಬಸ್ಸಿಗೆ ಮಾತ್ರ
ಅಂದುಕೊಂಡಿದ್ದೆ ನಾನು.

ಇಳಿಸಿದವರನ್ನು ಅದೇ ವರ್ಷ ಹತ್ತಿಸುವ ಹಾಗಿಲ್ಲ.
ಜಾಗ ರಿಬೌಂಡ್ ಹಿಡಿಯುವುದಿಲ್ಲ,
ಜಾಗಕ್ಕೆ ಪಾಸ್ ಕೊಟ್ಟರೆ ಚೆಂಡು ಗೋಡೆಗೆ ಹೋಗಿ ಬೀಳುತ್ತದೆ.
ಧಣಿ ಕನ್ನಡಕ ತೆಗೆಯುವುದನ್ನು ಬಿಟ್ಟಿದ್ದಾರೆ.

ಮೊದಲ ಮ್ಯಾಚು. ಒಂದು ಪಾಯಿಂಟು ಹಿಂದೆ, ಎರಡು ಫ್ರೀ ಥ್ರೋ,
ಹುಡುಗನ ಕೈ ನಡುಗಿತು.
ಮೆಟ್ಟಿಲ ಮೇಲೆ ಕೂತ ಒಬ್ಬನ ಮಣಿಕಟ್ಟು
ಚೆಂಡಿಲ್ಲದೆಯೇ ಮೆಲ್ಲಗೆ ಮಡಚಿತು, ಎರಡು ಸಲ.
ಅವೆರಡೂ ಬಿದ್ದವು, ನನಗೆ ಗೊತ್ತು.
ಬೋರ್ಡಿನಲ್ಲಿ ಬರಲಿಲ್ಲ.

ಕಾವೂರಿನ ಕೊನೆಯ ಬಸ್ಸು. ಡ್ರೈವರು, ಕಂಡಕ್ಟರು, ನಾನು.
ಲೇಡಿಹಿಲ್ಲಿನಲ್ಲಿ ಲ್ಯಾನ್ಸಿ ಹತ್ತಿದ.
ಹೊಸ ಕಂಡಕ್ಟರು, ನಿದ್ದೆಗಣ್ಣು, ಬಾಯಿಪಾಠ:
ಹಿಂದೆ ಜಾಗ ಉಂಟು, ಹಿಂದೆ ಹೋಗಿ.
ಬಸ್ಸಿಡೀ ಖಾಲಿ. ಲ್ಯಾನ್ಸಿ ಮಾತ್ರ ಕಂಬಿ ಹಿಡಿದು ನಿಂತ.
ಕೂತುಕೊಳ್ಳೋ, ಅಂದೆ.
"ಬೇಡ. ಕೂತರೆ ಮತ್ತೆ ಏಳುವಾಗ ನೋಯ್ತದೆ."
ಟಿಕೆಟಿಗೆ ಚಿಲ್ಲರೆ ಸರಿಯಾಗಿಯೇ ಕೊಟ್ಟ.