ಹದಿನೆಂಟು ತುಂಬಿದವರಿಗೆ ಏನೂ ಇಲ್ಲ

ಡಿಸೆಂಬರ್ ಪೂರ್ತಿ ಊರವರ ಪೆಟ್ಟಿಗೆ ತೂಗುವುದೇ ನನ್ನ ಕೆಲಸ.
ಒಂದು ಕಿಲೋ ಇನ್ನೂರು, ಪರ್ತ್‌ಗೆ.
ನಾನೂರು ಗ್ರಾಂ, ಒಡೆಯುವಂಥದ್ದು, ಹುಷಾರು, ಲಾನ್ಸೆಸ್ಟನ್‌ಗೆ.
ಟಾಸ್ಮೇನಿಯಾದ ಬಿಸಿಲು, ಅಂಚೆಕಚೇರಿಯ ಗಾಜಿಗೆ ಹತ್ತಿಯ ಹಿಮ,
ಅಂಟುಪಟ್ಟಿ ಮೆತ್ತಿದ ಬೆರಳಲ್ಲೇ ನೊಣ ಓಡಿಸುತ್ತೇನೆ.

ನಮ್ಮ ಮನೆಯಲ್ಲಿ ದೊಡ್ಡವರು ಕೊಡುವುದು ಕೊಳ್ಳುವುದು ನಿಲ್ಲಿಸಿ
ಏಳು ವರ್ಷ.
ಆ ಸಲ ಕ್ಲೈವ್ ನನಗೊಂದು ಮೇಣದಬತ್ತಿ ಕೊಟ್ಟ,
ನಾನು ರೋನಾಗೆ, ರೋನಾ ಕ್ಲೈವ್‌ಗೆ,
ಮೂರೂ ಅದೇ ಅಂಗಡಿಯವು, ಅದೇ ಲ್ಯಾವೆಂಡರ್,
ಬೆಲೆಚೀಟಿ ಕಿತ್ತ ಗುರುತೂ ಒಂದೇ ಕಡೆ.
ನಕ್ಕೆವು, ಹೊಟ್ಟೆ ಹಿಡಿದುಕೊಂಡು.
ಆಮೇಲೆ ರೋನಾ ಕಾರ್ಡಿನ ಸಾಲ ಎಷ್ಟೆಂದು ಹೇಳಿದಳು,
ನಗು ನಿಂತಿತು.
ಕೊಟ್ಟರೂ ಮುಯ್ಯಿ, ತೀರಿಸಿಕೊಂಡರೂ ಮುಯ್ಯಿ;
ಎರಡಕ್ಕೂ ಒಂದೇ ಮಾತು ಸಾಕಾಗುವಲ್ಲಿಗೆ
ಬಂದು ನಿಂತಿದ್ದೆವು ನಾವು.

ಕ್ಲೈವ್ ಬರೆದ ಕಾನೂನು ಫ್ರಿಜ್ಜಿನ ಮೇಲೆ ಇವತ್ತಿಗೂ ಇದೆ:
ಹದಿನೆಂಟು ತುಂಬಿದವರಿಗೆ ಏನೂ ಇಲ್ಲ.
ಕೈ ಬೀಸಿಕೊಂಡು ಬನ್ನಿ.
ಚೆರ್ರಿ ತಂದರೆ ಬೇಡವೆನ್ನುವುದಿಲ್ಲ.

ಮುಂದಿನ ವರ್ಷ ಇಪ್ಪತ್ನಾಲ್ಕರ ಸಂಜೆ
ಮಾಡಲು ಕೆಲಸವೇ ಇಲ್ಲದೆ
ಹ್ಯುವಾನ್ ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂತೆ.
ಒಂಬತ್ತಾದರೂ ಬೆಳಕು.
ಚಪ್ಪಲಿ ಎಲ್ಲಿ ಬಿಟ್ಟೆನೆಂದು ಆಮೇಲೆ ಹುಡುಕಬೇಕಾಯಿತು.

ಕಾನೂನು ಬರೆದಾಗ ರೋನಾಳ ಮಗ ಆಂಗಸ್ ಹನ್ನೊಂದರವನು.
ಕಳೆದ ತಿಂಗಳು ಹದಿನೆಂಟು.

ಈ ಬೆಳಿಗ್ಗೆ ಕ್ಲೈವ್‌ನ ಅವಳಿ ಹುಡುಗಿಯರು
ಪರಪರ ಕಾಗದ ಹರಿಯುವಾಗ
ಅವನು ಕಸದ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ.
ಯಾರೂ ಕೇಳುವ ಮೊದಲೇ ಅಂದ, ‘ನನಗೆ ಗೊತ್ತಿತ್ತು ಬಿಡಿ.’
ಅಂದವನ ಕಣ್ಣು ಒಂದೇ ಒಂದು ಸಲ
ಪ್ಲಾಸ್ಟಿಕ್ ಮರದ ಬುಡಕ್ಕೆ ಹೋಗಿ ಬಂತು,
ಪೆಟ್ಟಿಗೆ ಎತ್ತಿಕೊಂಡ ಮೇಲೆ ತಕ್ಕಡಿಯ ಮುಳ್ಳು
ಸೊನ್ನೆಯ ಹತ್ತಿರ ನಡುಗಿ ನಿಲ್ಲುತ್ತದಲ್ಲ,
ಹಾಗೆ.

ರೋನಾ ನನ್ನನ್ನು ನೋಡಿದಳು. ನಾನು ಚೆರ್ರಿ ತೊಳೆಯಲು ಹೋದೆ.
(ನನ್ನ ಕಾರಿನ ಹಿಂಬದಿಯಲ್ಲಿ ಒಂದು ಪೊಟ್ಟಣವಿತ್ತು,
ಒಳಗೆ ಮಡಚುವ ಚಾಕು, ಮರದ ಹಿಡಿಯದು.
ಯಾರಿಗೂ ಹೇಳಿರಲಿಲ್ಲ.)

ಊಟಕ್ಕೆ ಅವನ ಕುರ್ಚಿ ದೊಡ್ಡವರ ಮೇಜಿಗೆ ಬಂತು.
ಮೊಣಕಾಲು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.
ಪಾತ್ರೆ ತೊಳೆಯುವಾಗ ಒರೆಸುವ ಬಟ್ಟೆ ಅವನ ಕೈಗೆ ಸಿಕ್ಕಿತು,
ಅಲ್ಲಿ ಮಾತ್ರ ನಾವಾಡುವ ಮಾತುಗಳು ಕಿವಿಗೆ ಬಿದ್ದವು:
ಅಮ್ಮನ ಕೊನೆಯ ಕ್ರಿಸ್‌ಮಸ್, ಅವನ ಅಪ್ಪ ಬಿಟ್ಟುಹೋದ ಬಾಡಿಗೆ.
ಒಂದೇ ತಟ್ಟೆಯನ್ನು ಬಹಳ ಹೊತ್ತು ಒರೆಸಿದ.

ಕಚೇರಿ ತೆರೆದ ದಿನ ಅವನೇ ಬಂದ, ಬೆವರುತ್ತ,
ಪುಟ್ಟದೊಂದು ಪೆಟ್ಟಿಗೆ ಹಿಡಿದು, ಸುತ್ತಲೂ ವಿಪರೀತ ಅಂಟುಪಟ್ಟಿ.
ಬರ್ನಿಯ ವಿಳಾಸ, ಹುಡುಗಿಯ ಹೆಸರು.
‘ಕಾನೂನು?’ ಅಂದೆ.
‘ಇದು ಹೊಸವರ್ಷಕ್ಕೆ,’ ಅಂದ,
‘ಫ್ರಿಜ್ಜಿನ ಮೇಲೆ ಹೊಸವರ್ಷದ ಮಾತೇ ಇಲ್ಲ.’

ಮುನ್ನೂರ ನಲವತ್ತು ಗ್ರಾಂ. ಠಸ್ಸೆ ಒತ್ತಿದೆ.
ಹೊಸವರ್ಷಕ್ಕೆ ಇನ್ನೂ ಮೂರು ದಿನವಿತ್ತು.
ಹೊರಗೆ ಬಿಸಿಲಲ್ಲಿ
ನನ್ನ ಕಾರು ನಿಂತಿತ್ತು.