ತಪ್ಪಿದಾಗ ಹೇಳ್ತೆ

ಮೊದಲ ದಿನ ಅವಳು ನಿಯಮ ಹೇಳಲೇ ಇಲ್ಲ.
ಆಗರದ ಬದುವಿನ ಮೇಲೆ, ಮಧ್ಯಾಹ್ನದ ಬಿಡುವಿನಲ್ಲಿ,
ಉಪ್ಪು ಎಳೆಯುವ ಹಲಗೆಯ ಹಿಡಿಯಿಂದ
ಕಪ್ಪು ಮಣ್ಣಿನಲ್ಲೊಂದು ಗೋಪುರ ಗೀರಿದಳು,
ತುದಿಯಿಂದ ಇಳಿವ ನಾಲ್ಕು ಗೆರೆ, ಅಡ್ಡಕ್ಕೊಂದು ಚೌಕ.
"ಕೂಡ್ರಿ ಗುಮಾಸ್ತರೇ. ಹುಲಿ ನಂದು, ಆಡು ನಿಮ್ದು."

ತದಡಿ ಹೊಳೆಯ ಮೂರು ಕರಿಗಲ್ಲು ಅವಳ ಹುಲಿ.
ನನಗೆ ಹದಿನೈದು ಉಪ್ಪಿನ ಹರಳು,
ರಾಶಿಯಲ್ಲಿ ಅವಳೇ ಆರಿಸಿದ್ದು, ಗೋಡಂಬಿ ಗಾತ್ರದವು.

ನಿಯಮವೇನು ಎಂದೆ.
"ತಪ್ಪಿದಾಗ ಹೇಳ್ತೆ" ಎಂದಳು ಸಣ್ಣು ಆಗೇರ.

ನಾನು ಗಟ್ಟದ ಮೇಲಿನವ, ಹಾನಗಲ್ಲ ಕಡೆಯವ,
ಬಿಕಾಂ ಮಾಡಿದವ,
ಓದದೆ ಎಲ್ಲೂ ಸಹಿ ಹಾಕಿದವನಲ್ಲ.
(ಇದು ಸುಳ್ಳು. ಅದರ ಮಾತು ಆಮೇಲೆ.)

ಒಂದು ಆಡು ಇಟ್ಟೆ. ಇನ್ನೊಂದು ಇಟ್ಟೆ.
ಮೂರನೆಯ ಸಲ ಮೊದಲಿನದನ್ನೇ ಸರಿಸಹೋದೆ,
ಕೈಮೇಲೆ ಹಗುರಕ್ಕೆ ಬಿತ್ತೊಂದು ಪೆಟ್ಟು:
"ಎಲ್ಲಾ ಬಂದು ಕೂಡ್ರೂ ತನ್ಕ
ಒಂದೂ ಕದಲೂಕಿಲ್ಲ."
ಸರಿ, ನಾಲ್ಕನೆಯದು ಇಟ್ಟೆ.
ಅವಳ ಕಲ್ಲು ಟಣ್ಣನೆ ಹಾರಿತು,
ನನ್ನ ಆಡೊಂದು ಅವಳ ಗಂಜಿಯ ತಪ್ಪಲೆಗೆ ಬಿತ್ತು.

"ಇದು ಯಾವ ನಿಯಮ?"
"ಬೆನ್ನ ಹಿಂದೆ ಜಾಗ ಖಾಲಿ ಬಿಟ್ರೆ ಹುಲಿ ಹಾರ್ತದೆ."
"ಗಂಜಿಗೆ?"
"ಗಂಜಿಗೆ ಉಪ್ಪು ಬ್ಯಾಡ್ವಾ?"

ಎರಡು ಒತ್ತೊತ್ತಿಗೆ ಕೂತರೆ ಹಾರಲಾಗದೆಂದು
ಬುಧವಾರ ತಿಳಿಯಿತು.
ಆಡು ಮಾತ್ರ ಎಂದೂ ಹಾರದೆಂದು ಗುರುವಾರ.
ಇವಳು ದಿನಕ್ಕೊಂದು ಹುಟ್ಟಿಸುತ್ತಾಳೆಂದು
ನನ್ನ ರಿಜಿಸ್ಟರಿನ ಕೊನೆಯ ಹಾಳೆಯಲ್ಲಿ
ಒಂದೊಂದೇ ಬರೆದಿಟ್ಟೆ. ಒಂದೂ ಬದಲಾಗಲಿಲ್ಲ.

ಆಮೇಲೊಂದು ದಿನ ಹುಲಿಯನ್ನು ನನಗೇ ಬಿಟ್ಟಳು.
ನಾಲ್ಕು ಆಡು ತಿಂದು ಬೀಗಿದೆ.
ಉಳಿದ ಹನ್ನೊಂದು ಏನೂ ಮಾಡಲಿಲ್ಲ,
ಪಕ್ಕಕ್ಕೆ ಪಕ್ಕ ಬಂದು ಕೂತವು, ಅಷ್ಟೆ.
ಮೂರೂ ಕಲ್ಲಿನ ಮೇಲೆ ಬೆರಳಾಡಿಸಿ ನೋಡಿದೆ.
ಹೊಳೆಯ ಮೇಲೆ ಗರುಡವೊಂದು ಎರಡು ಸುತ್ತು ಹಾಕಿತು.
"ನಿಮ್ಮ ನಡೆ, ಗುಮಾಸ್ತರೇ."
"ಸತ್ತವೇ ನನ್ನ ಹುಲಿ?"
"ಹುಲಿ ಸಾಯೂದಿಲ್ಲ.
ಹೋಗೂಕೆ ಜಾಗ ಇಲ್ಲ, ಅಷ್ಟೇಯ."

ಮೇ ಬಂತು. ಕೈಬೆವರಿಗೆ ಆಡುಗಳು ಸಣ್ಣಗಾದವು.
ಯೋಚಿಸುತ್ತ ಯೋಚಿಸುತ್ತ
ಬೆರಳಿಗಂಟಿದ್ದನ್ನು ನೆಕ್ಕಿಬಿಟ್ಟೆ ಒಮ್ಮೆ.
ತನ್ನ ಆಡನ್ನು ತಾನೇ ತಿಂದವನಿಗೆ
ನಿಯಮವಿಲ್ಲವೆಂದು ಅವಳು
ಸೆರಗು ಬಾಯಿಗೊತ್ತಿ ನಕ್ಕಳು.

ರಾಶಿಗಳಿಗೆ ಮಡಲು ಹೊದೆಸಿದ ಮರುದಿನ, ಲೆಕ್ಕ ಚುಕ್ತಾ.
ತಕ್ಕಡಿಯ ಪಕ್ಕ ಮುಕಾದಮ ಮಂಗೇಶ,
ಕಿಟಕಿಯ ಪಕ್ಕ ನಾನು.
ಗಿರಿಜಿ ಬಂದಳು, ಬುಟ್ಟಿ ಕವುಚಿಟ್ಟು ಅಂಗಳದಲ್ಲಿ ಕೂತಳು.
ಮಾಣು ಬಂದಳು, ಅವಳಿಗೆ ಒತ್ತಿ ಕೂತಳು.
ಹಣ ತಗೊಳ್ಳಿ ಎಂದ ಮಂಗೇಶ.
ಯಾರೂ ಏಳಲಿಲ್ಲ.
ಬೇಬಿ, ಕುಸ್ಲಿ, ಕುಸ್ಲಿಯ ಸೊಸೆ,
ಹೆಸರು ತಿಳಿಯದ ಇಬ್ಬರು,
ಮೊಣಕಾಲಿಗೆ ಇನ್ನೂ ಕೆಸರು ಮೆತ್ತಿಕೊಂಡವರು.
ಮಂಗೇಶ ಎದ್ದ. ಬಾಗಿಲ ಕಡೆ ನೋಡಿದ. ಕೂತ.

ಹದಿನಾಲ್ಕಕ್ಕೆ ನನ್ನ ಎಣಿಕೆ ನಿಂತಿತು.

ದೂರದಲ್ಲಿ, ನೀರು ಬಿಡುವ ತೂಬಿನ ಬಳಿ
ಒಬ್ಬಳು ನಿಧಾನ ಕಾಲು ತೊಳೆಯುತ್ತಿದ್ದಳು.

ನನ್ನ ಮೇಜಿನಡಿಗೆ, ಪಾದಕ್ಕೆ ತಣ್ಣಗೆ ತಾಗಿಕೊಂಡು
ಇಪ್ಪತ್ತು ಕೇಜಿಯ ತೂಕದ ಕಲ್ಲು.
ಅದರ ಅಡಿಯಲ್ಲಿ ಹೊಯ್ದ ಸೀಸ
ನನಗೆ ಶಿವರಾತ್ರಿಯಿಂದ ಗೊತ್ತು.
ಶಿವರಾತ್ರಿಯಿಂದ ಪ್ರತಿ ಶನಿವಾರ
ಅದರ ಲೆಕ್ಕಕ್ಕೆ ಸಹಿ ನನ್ನದೇ.

ಸಣ್ಣು ಬಂದಳು. ಉಳಿದ ಜಾಗದಲ್ಲಿ ಕೂತಳು.
ಮಂಗೇಶನ ಕಡೆ ನೋಡಲೇ ಇಲ್ಲ.
ಬದುವಿನ ಮೇಲೆ ನೋಡುವ ಹಾಗೆಯೇ,
ಅವಸರವಿಲ್ಲದೆ, ಕಿಟಕಿಯತ್ತ ಕಣ್ಣೆತ್ತಿ

"ನಿಮ್ಮ ನಡೆ, ಗುಮಾಸ್ತರೇ."