ಸಂಪಿನ ಮುಚ್ಚಳ

ನಮ್ಮ ಮನೆ ಸಂಪಿಗೆ ಮುಚ್ಚಿರುವುದು ಒಂದು ಇಂಜಿನ್ನಿನ ಬಾಯಿ.
ಸೌದೆ ಹಾಕುತ್ತಿದ್ದ ಬಾಗಿಲು, ಚೌಕಟ್ಟಿನ ಸಮೇತ.
ನೀರು ಬಿಟ್ಟ ದಿನ ಇಬ್ಬರು ಹಿಡಿದು ಜರುಗಿಸಬೇಕು.
ಒಳಮೈಯಲ್ಲಿ ಮೂರು ಅಂಕಿ: ಒಂದು, ನಾಲ್ಕು,
ಮೂರನೆಯದನ್ನು ತುಕ್ಕು ತಿಂದಿದೆ.
ಏಳು ಅನ್ನುತ್ತಿದ್ದ ಮದಾರಜ್ಜ.
ಒಂದು ಅನ್ನುತ್ತಿದ್ದಳು ಅಜ್ಜಿ.
ಅಷ್ಟಕ್ಕೇ ಒಂದು ರಾತ್ರಿ ಇಬ್ಬರೂ ಉಂಡಿರಲಿಲ್ಲವಂತೆ.

ಕಡಲು ದಾಟಿ ಮದರಾಸಿಗೆ ಬಂದಾಗ ಅದು
ಬಿಡಿಬಿಡಿಯಾಗಿ ಪೆಟ್ಟಿಗೆಗಳಲ್ಲಿತ್ತು.
ದೋಣಿಯಿಂದ ಇಳಿಸುವಾಗ ಒಂದು ಗಾಲಿ ಅಲೆಗೆ ಬಿತ್ತು.
ಮೂರು ದಿನ ಮುಳುಗಿ ತೆಗೆದರು ಬೆಸ್ತರು.
ಕೊನೆಯತನಕ ಆ ಗಾಲಿ ಉಪ್ಪು ಬೆವರುತ್ತಿತ್ತು
ಅನ್ನುವುದು ಅಜ್ಜನ ಮಾತು. ನಾನು ಸಾಕ್ಷಿಯಲ್ಲ.

ಐದೂವರೆ ಅಡಿ ಅಗಲದ ನಡಿಗೆ.
ಜೋಲಾರಪೇಟೆ ಬಿಟ್ಟು ಏರು ಹತ್ತಿ
ಬೌರಿಂಗ್‌ಪೇಟೆ ಮುಟ್ಟುವಷ್ಟರಲ್ಲಿ ಹೊಟ್ಟೆ ಖಾಲಿ.
ಕಲ್ಲಿದ್ದಲೆಲ್ಲಿ ಆಗ?
ಕಾಮಸಮುದ್ರದ ಕಾಡು ಗಾಡಿ ಗಾಡಿ ಬಂದು
ಈ ಬಾಯೊಳಗೆ ಹೋಯಿತು:
ಜಾಲಿ, ದಿಂಡುಗ, ಹೊಂಗೆಯ ಬೊಡ್ಡೆ,
ಒಮ್ಮೆ ಯಾರದೋ ಮುರಿದ ಏತದ ಮರ.
ಹುಣಸೆ ಬಂದರೆ ಬೆಂಕಿಯ ಆರೋಗ್ಯಸಾಮಿ ಕೈಮುಗಿಯುತ್ತಿದ್ದ,
ಒಂದಿಷ್ಟು ಹೊತ್ತು ಕೂರಬಹುದು ಅಂತ.
ಕಿಡಿ ಹಾರಿ ರಾಗಿಮೆದೆ ಉರಿದದ್ದಕ್ಕೆ
ಟೇಕಲ್ಲಿನ ಗೌಡ ಹಾಕಿದ ಕೇಸು
ಗೌಡ ಸತ್ತ ಮೇಲೆ ತೀರ್ಮಾನವಾಯಿತು,
ಇಂಜಿನ್ ಪರ.

ಆಮೇಲೆ ಮಾರಿಕುಪ್ಪಂ.
ಗಣಿಗೆ ಯಂತ್ರ ಹೊತ್ತಿತು, ದಿಮ್ಮಿ ಹೊತ್ತಿತು, ಜನ ಹೊತ್ತಿತು.
ತಿರುಗಿ ಬರುವಾಗ ಬೀಗ ಹಾಕಿದ ಒಂದು ಪೆಟ್ಟಿಗೆ,
ಅದಕ್ಕೆ ಇಬ್ಬರು ಕೋವಿಯವರು.
ಹೋಗುವಾಗ ಏದುಸಿರು, ಬರುವಾಗ ಹೂವಿನಂತೆ ಹಗುರ.
ಚಿನ್ನಕ್ಕೆ ತೂಕವೇ ಇಲ್ಲವಲ್ಲ ದೊರೆ, ಅಂದ ಆರೋಗ್ಯಸಾಮಿ.
ಡ್ರೈವರ್ ರೊಜಾರಿಯೋ ಮಾತಾಡದೆ
ಅರ್ಧ ಸೇದಿದ ಚುಟ್ಟಾ ಕೊಟ್ಟ.

ಮುಪ್ಪು ಬಂತು, ಹರಾಜು ಹಾಕಿದರು.
ಗಾಲಿ ಯಾರಿಗೋ. ಹಿತ್ತಾಳೆ ಗುಮ್ಮಟ ಪಾತ್ರೆ ಅಂಗಡಿಗೆ.
ಶಿಳ್ಳೆ ಹಿಂದಿನ ರಾತ್ರಿಯೇ ಕಾಣೆ.
ಬಾಯ್ಲರು ಹಿಡಿದವರು ಶಿಡ್ಲಘಟ್ಟದ ಖಾಸಿಂ ಸಾಹೇಬರು,
ರೇಷ್ಮೆ ನೂಲು ತೆಗೆಸುವವರು.
ಎರಡೂವರೆ ಅಡಿಯ ಪುಟ್ಟ ರೈಲಿನ ಮೇಲೆ
ಐದೂವರೆ ಅಡಿಯ ಈ ಹೊಟ್ಟೆಯನ್ನು ಬಿಗಿದು ತಂದರು.
ಕತ್ತೆಮರಿ ಬೆನ್ನಿಗೆ ಕೋಣ, ಅಂದರು ಚಿಂತಾಮಣಿಯವರು.
ತಿರುವಿನಲ್ಲಿ ತೂಕ ಸರಿಮಾಡಲು
ಜನ ಇನ್ನೊಂದು ಮಗ್ಗುಲಿಗೆ ನೇತುಬಿದ್ದರು,
ಟಿಕೆಟ್ ತೆಗೆದುಕೊಂಡಿದ್ದವರೂ.

ಬಾಯ್ಲರಿನ ಜೊತೆಗೇ ಬಂದ ಆರೋಗ್ಯಸಾಮಿ
ಹನ್ನೆರಡು ವರ್ಷದ ಮದಾರನಿಗೆ
ಮೊದಲು ಕಥೆ ಕಲಿಸಿದ, ಆಮೇಲೆ ಬೆಂಕಿ.

ನಿಂತಲ್ಲೇ ನಿಂತು ಮೂವತ್ತೊಂದು ವರ್ಷ.
ಗೋಡೆಯ ಈಚೆ ಅಜ್ಜನ ಉರಿ,
ಆಚೆ ಅಜ್ಜಿ ಜೈನಾಬಿಯ ಬಿಸಿನೀರ ತೊಟ್ಟಿ.
ಕುದಿವ ಗೂಡಿಗೆ ಬೆರಳದ್ದಿ ಎಳೆಯ ತುದಿ ಹಿಡಿಯುವಳು.
ಗೂಡಿಗೆ ಅರ್ಧ ಮೈಲಿ ಎಳೆ, ದಿನಕ್ಕೆ ಸಾವಿರ ಗೂಡು.
“ನಿನ್ನ ಇಂಜಿನ್ನು ಮದರಾಸಿಗೆ ಹೋಗಿ ಬಂದದ್ದಕ್ಕಿಂತ
ದಿನಾ ಕೂತಲ್ಲೇ ಜಾಸ್ತಿ ದೂರ ಹೋಗ್ತೀನಿ ನಾನು.”
ಅಜ್ಜ ಲೆಕ್ಕ ಹಾಕಿ ನೋಡಿ ಸುಮ್ಮನಾದ.
ಅವಳ ಬೆರಳಲ್ಲಿ ಗೆರೆ ಉಳಿದಿರಲಿಲ್ಲ.
ರೇಷನ್ ಕಾರ್ಡಿಗೆ ಹೆಬ್ಬೆಟ್ಟು ಒತ್ತಿದರೆ
ದುಂಡಗೆ, ಬರೀ ಮಸಿ.

ಬಾಯ್ಲರು ಸೀಳು ಬಿಟ್ಟಿತು, ಕತ್ತರಿಸಿ ಮಾರಿದರು.
ಮೂರು ತಿಂಗಳ ಸಂಬಳದ ಬದಲಿಗೆ ಈ ಬಾಗಿಲು.

ನಮ್ಮೂರಿಗೂ ಅಗಲದ ಹಳಿ ಹಾಕಿದ ವರ್ಷ
ತಮ್ಮನ ಟೈಲರ್ ಟೇಪು ಒಯ್ದು ಅಳೆದೆ.
“ಏನಕ್ಕಾ, ರವಿಕೆ ಹೊಲೀತೀರಾ?” ಅಂದ ಗ್ಯಾಂಗ್‌ಮನ್.
ಟೇಪು ಅರವತ್ತಕ್ಕೆ ಮುಗಿಯಿತು.
ಉಳಿದ ಜಾಗಕ್ಕೆ ಅಂಗೈ ಇಟ್ಟೆ. ಸರಿಹೋಯಿತು.
ಕಬ್ಬಿಣ ಬಿಸಿಲಿಗೆ ಕಾದಿತ್ತು.

ಇವತ್ತು ನೀರು ಬಿಡುವ ದಿನ.
ತಮ್ಮ ಅಂಗಡಿಯಿಂದ ಇನ್ನೂ ಬಂದಿಲ್ಲ.
ಸೆರಗು ಸಿಕ್ಕಿಸಿ ಒಬ್ಬಳೇ ನೂಕುತ್ತೇನೆ.
ಚಪ್ಪಡಿಯ ಮೇಲೆ ಕಿರ್ರೆಂದು
ನೂರ ನಲವತ್ತೇಳೋ ಒಂದೋ
ಒಂದು ಗೇಣು ಹೊರಡುತ್ತದೆ.